‘ಎಲ್ಲಾರಿಗೂ ಬರಂಗಿಲ್ಲ ತಂಗಿ ಇದು’

2011ರ ಮಾತು. ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಸಿ ಪ್ರೋಗ್ರಾಮಿಂಗ್ ಲ್ಯಾಬ್ ತಗೊಳ್ತಿದ್ದೆ. ಮಧ್ಯಾಹ್ನದ ಬ್ಯಾಚ್. ಕರೆಂಟ್ ಹೋಗಿ ಯುಪಿಎಸ್ ಒಂದೇ ಸಮನೆ ಕೂಗುತ್ತಿತ್ತು. ಗುಳೇದಗುಡ್ಡದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಪ್ರೋಗ್ರಾಂ ಬರೆಯುವ ಟರ್ಬೊ ಸಿ ತಂತ್ರಾಂಶದ ನೀಲಿ ಪರದೆ ಮುಂದೆ ಮುಕ್ಕಾಲು ಗಂಟೆಯಿಂದ ಕೂತಿದ್ದಳು. ಹತ್ತು ಸಂಖ್ಯೆ ಕೊಟ್ಟರೆ ಅದರಲ್ಲಿ ದೊಡ್ಡದು ಯಾವುದು ಅಂತ ಹೇಳುವ ಪ್ರೋಗ್ರಾಂ. ಏನು ಕೊಟ್ಟರೂ ಸೊನ್ನೆ ಬರುತ್ತಿತ್ತು. ಕಣ್ಣಲ್ಲಿ ನೀರು ನಿಂತಿತ್ತು.

ನಾನು ಪಕ್ಕಕ್ಕೆ ಹೋಗಿ, ಬೇರೆಯವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದೆ. "ಎಲ್ಲಾರಿಗೂ ಬರಂಗಿಲ್ಲ ತಂಗಿ ಇದು. ಅಳಬ್ಯಾಡ. ಪ್ರೋಗ್ರಾಂ ಬಾಯಿಪಾಠ ಮಾಡ್ಕೋ, ರೆಕಾರ್ಡ್ ಚಂದ ಬರಿ. ಪಾಸ್ ಆಗ್ತಿ, ನಾ ನೋಡ್ಕೋತೀನಿ."

ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಬೈದಿರಲಿಲ್ಲ. ಎಲ್ಲರ ಮುಂದೆ ಅವಮಾನ ಮಾಡಿರಲಿಲ್ಲ. ಆ ಹುಡುಗಿ ಪಾಸೂ ಆದಳು. ಆ ಮಾತು ಮರೆತೇ ಹೋಗಿತ್ತು. ಎಂಟು ವರ್ಷ ಆದ ಮೇಲೆ ನೆನಪಾಗುವಂತೆ ಮಾಡಿದ್ದು ನಮ್ಮ ವಿಭಾಗದ ಕಿರಿಯ ಮೇಡಂ ಒಬ್ಬರು.

ಅವರು ಪಿಎಚ್‌ಡಿಗೆ ಅಂತ ಓದುತ್ತಿದ್ದ ಒಂದು ಪೇಪರಿನ ಪ್ರಿಂಟ್ ನನ್ನ ಮೇಜಿನ ಮೇಲೆ ಇಟ್ಟು, "ಸರ್, ಇದನ್ನ ನೀವು ಓದಬೇಕ್ರಿ" ಅಂದರು. ಯಾಕೆ ಅಂತ ಹೇಳಲಿಲ್ಲ. ಅನೀತಾ ರತ್ತನ್, ಕ್ಯಾಥರೀನ್ ಗುಡ್, ಕ್ಯಾರಲ್ ಡ್ವೆಕ್ ಅನ್ನುವ ಮೂವರು 2012ರಲ್ಲಿ ಬರೆದದ್ದು. ಗಣಿತದ ಜಾಣತನ ಹುಟ್ಟಿನಿಂದ ಬರುವುದು, ಬದಲಾಗುವುದಲ್ಲ ಅಂತ ನಂಬಿದ ಮೇಷ್ಟ್ರುಗಳು, ಕಡಿಮೆ ಅಂಕ ಬಂದ ವಿದ್ಯಾರ್ಥಿಗೆ ಏನು ಹೇಳುತ್ತಾರೆ ಅಂತ ನೋಡಿದ್ದರು. ಅವರು ಬೈಯುವುದಿಲ್ಲ. ಸಮಾಧಾನ ಹೇಳುತ್ತಾರೆ. ‘ಪರವಾಗಿಲ್ಲ, ಎಲ್ಲರಿಗೂ ಗಣಿತ ಬರಬೇಕು ಅಂತೇನಿಲ್ಲ’ ಅನ್ನುತ್ತಾರೆ, ಹೋಮ್‌ವರ್ಕ್ ಕಡಿಮೆ ಮಾಡುತ್ತಾರೆ. ಅದನ್ನು ಕೇಳಿದ ವಿದ್ಯಾರ್ಥಿಗೆ ಇನ್ನಷ್ಟು ಉತ್ಸಾಹ ಇಳಿಯುತ್ತದೆ, ಮೇಷ್ಟ್ರು ನನ್ನ ಕೈ ಬಿಟ್ಟರು ಅಂತ ಅನಿಸುತ್ತದೆ.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಓದಿದೆ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ ಅಂದರೆ ಸುಳ್ಳಾಗುತ್ತದೆ, ಇಳಿಯಿತು. ಆದರೆ ಆ ಯುಪಿಎಸ್ ಸದ್ದು ಮಾತ್ರ ಮತ್ತೆ ಕಿವಿಗೆ ಬಂತು.

ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮಾತಿತ್ತು. ಬಹುಶಃ ನಿಮ್ಮಲ್ಲೂ ಇರುತ್ತದೆ. "ಪ್ರೋಗ್ರಾಮಿಂಗ್ ಬರೋರಿಗೆ ಬರ್ತೈತಿ, ಬಾರದೋರಿಗೆ ಗುದ್ದಾಡಿದ್ರೂ ಬರಂಗಿಲ್ಲ." ಇದಕ್ಕೆ ಸಾಕ್ಷಿ ಏನು ಅಂದರೆ ರಿಸಲ್ಟ್ ತೋರಿಸುತ್ತಿದ್ದೆವು. ‘ನೋಡ್ರಿ, ಎರಡು ಗುಂಪು. ಒಂದು ಮೇಲೆ, ಒಂದು ಕೆಳಗೆ, ನಡುವೆ ಯಾರೂ ಇಲ್ಲ.’ 2006ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ಡೆಹ್ನಾದಿ ಮತ್ತು ಬೋರ್ನಾಟ್ ಒಂದು ಬರಹದಲ್ಲಿ, ಅಂಕಗಳ ಗ್ರಾಫಿನಲ್ಲಿ ಕಾಣುವ ಈ ಎರಡು ಗುಂಪನ್ನೇ ಒಂಟೆಯ ಎರಡು ಡುಬ್ಬ ಅಂದಿದ್ದರು. ಪಾಠ ಶುರುವಾಗುವ ಮುಂಚೆಯೇ ಒಂದು ಪರೀಕ್ಷೆ ಕೊಟ್ಟು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ಬೇರ್ಪಡಿಸಬಹುದು ಅಂತ ಅವರ ವಾದ. ಅದು ಎಲ್ಲ ಕಡೆ ಹರಿದಾಡಿತು. ನನ್ನ ಕೈಗೂ ಬಂದಿತ್ತು, ಖುಷಿಯಿಂದ ನಾಲ್ಕು ಜನಕ್ಕೆ ಕಳಿಸಿದ್ದೆ. 2014ರಲ್ಲಿ ಬೋರ್ನಾಟ್ ಅವರೇ ಆ ವಾದವನ್ನು ಹಿಂತೆಗೆದುಕೊಂಡರು. ಆ ಸುದ್ದಿ ಮಾತ್ರ ನನಗೆ ಯಾರೂ ಕಳಿಸಲಿಲ್ಲ.

ಮೇಡಂ ಕೊಟ್ಟದ್ದರ ಜೊತೆ ಇನ್ನೊಂದು ಪೇಪರೂ ಇತ್ತು. ಎಲಿಜಬೆತ್ ಪಟಿಟ್ಸಾಸ್ ಮತ್ತು ಅವರ ಜೊತೆಗಾರರು 2016ರಲ್ಲಿ ಕೆನಡಾದ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ತರಗತಿಗಳ ಅಂಕಗಳನ್ನು ತೆಗೆದು ನೋಡಿದ್ದರು. 778 ತರಗತಿಗಳು. ಅದರಲ್ಲಿ ಒಂದಕ್ಕಿಂತ ಹೆಚ್ಚು ಡುಬ್ಬ ಕಂಡದ್ದು ಶೇ 5.8ರಲ್ಲಿ ಮಾತ್ರ. ಮಜಾ ಇರುವುದು ಇದರ ಎರಡನೇ ಭಾಗದಲ್ಲಿ. ಹೀಗೂ ಅನ್ನಬಹುದು ಹಾಗೂ ಅನ್ನಬಹುದು ಅನ್ನುವಂಥ ಗ್ರಾಫ್‌ಗಳನ್ನು ಮೇಷ್ಟ್ರುಗಳಿಗೆ ತೋರಿಸಿದರು. ಹುಟ್ಟು ಪ್ರತಿಭೆಯನ್ನು ನಂಬುವವರಿಗೆ ಎರಡು ಡುಬ್ಬ ಜಾಸ್ತಿ ಕಂಡವು.

ನಾನೂ ನೋಡಿಯೇ ಬಿಡೋಣ ಅಂತ ಹಳೆಯ ಅಂಕಪಟ್ಟಿಗಳನ್ನು ಕಪಾಟಿನಿಂದ ಇಳಿಸಿದೆ. ಗ್ರಾಫ್ ಹಾಳೆ, ಪೆನ್ಸಿಲ್. ಒಂದು ಭಾನುವಾರ ಪೂರ್ತಿ ಹೋಯಿತು. ಎರಡು ಡುಬ್ಬ ಕಂಡವು! ಒಂದು ನಿಮಿಷ ಗೆದ್ದೆ ಅನಿಸಿತು. ಆಮೇಲೆ ನೋಡಿದರೆ ಕೆಳಗಿನ ಡುಬ್ಬ ಸರಿಯಾಗಿ ಪಾಸ್ ಅಂಕದ ಗೆರೆಯ ಮೇಲೆಯೇ ಕೂತಿತ್ತು. ಅದರ ಎಡಗಡೆ ಬೋಳು. ಯಾಕೆ? ನಾವೇ ಎರಡು, ಮೂರು ಅಂಕ ಹಾಕಿ ಮೇಲೆತ್ತಿದವರು ಅವರು. ಆ ಗುಡ್ಡ ದೇವರು ಮಾಡಿದ್ದಲ್ಲ, ನಮ್ಮ ಕೆಂಪು ಪೆನ್ನು ಮಾಡಿದ್ದು. ಅದನ್ನು ಬಿಟ್ಟು ನೋಡಿದರೆ ಇರುವುದು ಒಂದೇ ಡುಬ್ಬ, ಸ್ವಲ್ಪ ಎಡಕ್ಕೆ ವಾಲಿದ್ದು.

ಹಾಗಾದರೆ ಮೊದಲ ವಾರದಲ್ಲೇ ಕಾಣುವ ಆ ‘ಶಾಣ್ಯಾ’ ಹುಡುಗರು ಯಾರು? ಅವರಂತೂ ಇದ್ದದ್ದು ನಿಜ. ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೇಳುತ್ತಿದ್ದರು.

ಮುಂದಿನ ಬ್ಯಾಚ್ ಬಂದಾಗ ಮೊದಲ ದಿನವೇ ಒಂದೊಂದು ಚೀಟಿ ಕೊಟ್ಟೆ. ‘ಸಿ ಗೊತ್ತಿರೋರು ಕೈ ಎತ್ರಿ’ ಅಂತ ಪ್ರತಿ ವರ್ಷ ಕೇಳುತ್ತಿದ್ದೆ, ಅದನ್ನು ಬಿಟ್ಟೆ. ಕೈ ಎತ್ತುವುದೇ ಒಂದು ಪೈಪೋಟಿ. ಚೀಟಿಯಲ್ಲಿ ಕೇಳಿದ್ದು ಮೂರೇ: ಹತ್ತನೇ ತರಗತಿ ಯಾವ ಮಾಧ್ಯಮ, ಮನೆಯಲ್ಲಿ ಕಂಪ್ಯೂಟರ್ ಇತ್ತೇ, ಇದ್ದರೆ ಯಾರು ಬಳಸುತ್ತಿದ್ದರು. ಮೇಲೆ ಹೆಸರು ಬರೆದರೆ ಸಾಕು ಅಂದೆ.

ಮೂರನೇ ಪ್ರಶ್ನೆಯ ಉತ್ತರಗಳನ್ನು ನೀವು ನೋಡಬೇಕಿತ್ತು. ‘ಅಣ್ಣ.’ ‘ಅಣ್ಣ.’ ‘ತಮ್ಮ, ಗೇಮ್ ಆಡ್ತಾನ.’ ‘ಅಣ್ಣನ ರೂಮಿನಾಗ ಐತ್ರಿ.’ ಒಬ್ಬಳಂತೂ ‘ಇತ್ತು, ಮುಟ್ಟಿಲ್ಲ’ ಅಂತ ಬರೆದಿದ್ದಳು. ಮೊದಲ ವಾರದ ಶಾಣ್ಯಾ ಹುಡುಗರು ಬಹುಪಾಲು ಬೆಂಗಳೂರು, ಹುಬ್ಬಳ್ಳಿ ಕಡೆ ಓದಿ ಬಂದವರು, ಇಲ್ಲವೇ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡವರು. ಅವರು ಎರಡು ವರ್ಷ ಮೊದಲೇ ಓಡಲು ಶುರು ಮಾಡಿದ್ದರು. ನಾನು ಗೆರೆಯ ಹತ್ತಿರ ನಿಂತು, ಯಾರು ಮೊದಲು ಬಂದರು ಅಂತ ನೋಡಿ, ಕಾಲು ಗಟ್ಟಿ ಇವಂದು ಅಂತ ಹೊಗಳುತ್ತಿದ್ದೆ.

ಇಲ್ಲಿ ಒಂದು ಮಾತು. ಇದು ಬರೀ ಹುಡುಗಿಯರ ವಿಷಯ ಅಲ್ಲ. ಬೀಳಗಿ, ಹುನಗುಂದದ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರೂ ಅಷ್ಟೇ ಮೂಕರಾಗಿ ಕೂರುತ್ತಿದ್ದರು. ಅವರ ಬಗ್ಗೆ ಸ್ಟಾಫ್ ರೂಮಿನಲ್ಲಿ ‘ಕೋಟಾದಾಗ ಬಂದಾರ, ಇನ್ನೇನ್ ಆಗ್ತದ’ ಅನ್ನುವ ಮಾತು ಬರುತ್ತಿತ್ತು. ನಾನು ಆ ಮಾತು ಆಡಿಲ್ಲ. ಬೇಡ ಅಂತಲೂ ಅಂದಿಲ್ಲ. 2019ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ 150 ಜನ ವಿಜ್ಞಾನ, ತಂತ್ರಜ್ಞಾನದ ಅಧ್ಯಾಪಕರನ್ನೂ ಅವರ 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ಇಟ್ಟುಕೊಂಡು ಮಾಡಿದ ಅಧ್ಯಯನ ಒಂದಿದೆ. ಜಾಣತನ ಬದಲಾಗದು ಅಂತ ನಂಬಿದ ಅಧ್ಯಾಪಕರ ತರಗತಿಯಲ್ಲಿ ಕಪ್ಪು ಮತ್ತಿತರ ಹಿಂದುಳಿದ ಜನಾಂಗದ ಮಕ್ಕಳಿಗೂ ಉಳಿದವರಿಗೂ ನಡುವಿನ ಅಂಕದ ಅಂತರ ಎರಡು ಪಟ್ಟಿನವರೆಗೂ ಇತ್ತಂತೆ. ಮಕ್ಕಳ ನಂಬಿಕೆ ಅಲ್ಲ, ಮೇಷ್ಟ್ರ ನಂಬಿಕೆ. ಅಲ್ಲಿಯ ಜನಾಂಗದ ಲೆಕ್ಕವನ್ನು ನಮ್ಮ ಜಾತಿ, ಊರು, ಮಾಧ್ಯಮದ ಲೆಕ್ಕಕ್ಕೆ ಹಾಗೇ ತಂದು ಅಂಟಿಸಲು ಬರುವುದಿಲ್ಲ. ಆದರೆ ಓದಿದಾಗ ನಮ್ಮ ಸ್ಟಾಫ್ ರೂಮಿನ ಚಹಾದ ವಾಸನೆ ಬಂದದ್ದು ಸುಳ್ಳಲ್ಲ.

ಇದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡಿದೆ. ಮಾಡಬಾರದಿತ್ತು ಅನಿಸುವಷ್ಟು ನಾಚಿಕೆ ಆಯಿತು. ನಮಗೆ ಮೆಂಟರ್ ಡೈರಿ ಅಂತ ಇರುತ್ತದೆ, ಒಬ್ಬೊಬ್ಬ ವಿದ್ಯಾರ್ಥಿಯ ಬಗ್ಗೆ ಎರಡು ಸಾಲು ಬರೆಯಬೇಕು. ನನ್ನ ಹಳೆಯ ಡೈರಿಗಳನ್ನು ತೆಗೆದೆ. ಚೆನ್ನಾಗಿ ಓದುವ ಹುಡುಗಿಯರ ಎದುರಿಗೆ: ‘ಶ್ರಮಜೀವಿ’, ‘ಅಚ್ಚುಕಟ್ಟು’, ‘ನಿಯಮಿತ ಹಾಜರಾತಿ’. ಚೆನ್ನಾಗಿ ಓದುವ ಹುಡುಗರ ಎದುರಿಗೆ: ‘ಚುರುಕು’, ‘ಲಾಜಿಕ್ ಚೆನ್ನಾಗಿದೆ’. ಓದದ ಹುಡುಗರ ಎದುರಿಗೆ ಏನಿತ್ತು ಗೊತ್ತಾ? ‘ತಲೆ ಇದೆ, ಗಮನ ಇಲ್ಲ.’ ಓದದ ಹುಡುಗಿಯರಿಗೆ: ‘ವಿಷಯ ಕಷ್ಟವಾಗುತ್ತಿದೆ.’ ಅಂದರೆ ಹುಡುಗ ಫೇಲಾದರೂ ತಲೆ ಇದ್ದೇ ಇರುತ್ತದೆ, ಹುಡುಗಿ ಫಸ್ಟ್ ಬಂದರೂ ಬರೀ ಕಷ್ಟಪಟ್ಟಿರುತ್ತಾಳೆ. ನನ್ನದೇ ಕೈಬರಹ. ಯಾರ ಮೇಲೂ ಹಾಕಲು ಬರುವುದಿಲ್ಲ.

ಯಾವ ವಿಷಯಕ್ಕೆ ಹುಟ್ಟು ಪ್ರತಿಭೆ ಬೇಕು ಅಂತ ಆ ವಿಷಯದವರೇ ನಂಬುತ್ತಾರೋ ಅಲ್ಲಿ ಹೆಂಗಸರು ಕಡಿಮೆ ಅಂತ ಲೆಸ್ಲಿ, ಸಿಂಪಿಯನ್ ಮತ್ತಿತರರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಆಗ ಅರ್ಥ ಆಯಿತು.

ಸರಿ, ಏನು ಮಾಡುವುದು? ಮೊದಲು ಮಾಡಿದ್ದು ಹುಚ್ಚು ಕೆಲಸ. ಹುಡುಗಿಯರಿಗೇ ಬೇರೆ ಬ್ಯಾಚ್ ಮಾಡಿದೆ. ಅವರಿಗೆ ಸಂಕೋಚ ಇರುವುದಿಲ್ಲ ಅಂತ ನನ್ನ ಲೆಕ್ಕ. ಒಂದು ವಾರದಲ್ಲಿ ಆ ಬ್ಯಾಚಿಗೆ ‘ಮಹಿಳಾ ಮಂಡಳ’ ಅಂತ ಹೆಸರು ಬಿತ್ತು. ಮೂರನೇ ವಾರ ಹುಡುಗಿಯರೇ ನಾಲ್ಕು ಜನ ಬಂದು, "ಸರ್, ನಮ್ಮನ್ನ ಮೊದಲಿನಂಗ ಹಾಕ್ರಿ. ನಮಗೇನೋ ಕಡಿಮಿ ಐತಿ ಅಂತ ಎಲ್ಲಾರೂ ಅನ್ಕೊಳ್ಳಾಕತ್ತಾರ" ಅಂದರು. ತೆಗೆದೆ.

ಅಮೆರಿಕದ ಹಾರ್ವಿ ಮಡ್ ಕಾಲೇಜಿನವರು ಬೇರೆ ದಾರಿ ಹಿಡಿದಿದ್ದರು. ಮೊದಲ ಕೋರ್ಸನ್ನು ಹುಡುಗ-ಹುಡುಗಿ ಅಂತಲ್ಲ, ಮೊದಲೇ ಪ್ರೋಗ್ರಾಮಿಂಗ್ ಮಾಡಿದವರು, ಮಾಡದವರು ಅಂತ ಒಡೆದರು. ಕ್ಲಾಸಿನಲ್ಲಿ ತನಗೆ ಗೊತ್ತಿದ್ದದ್ದನ್ನೆಲ್ಲ ಎತ್ತಿ ಆಡುವ ಹುಡುಗನನ್ನು ಮೇಷ್ಟ್ರು ಆಚೆ ಕರೆದು, ನಿನ್ನ ಜೊತೆ ಮಾತಾಡುವುದು ನನಗೆ ಇಷ್ಟ, ಆದರೆ ಕ್ಲಾಸ್ ಮುಗಿದ ಮೇಲೆ ಮಾತಾಡೋಣ ಅನ್ನುತ್ತಿದ್ದರು. ಬೇರೆ ಬದಲಾವಣೆಗಳನ್ನೂ ಮಾಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿಯರು ಶೇ 10ರ ಆಸುಪಾಸಿನಿಂದ ಶೇ 40ರ ಹತ್ತಿರಕ್ಕೆ ಬಂದರು. ನಮಗೆ ಎರಡು ಕೋರ್ಸ್ ಮಾಡುವ ಅಧಿಕಾರ ಎಲ್ಲಿದೆ? ಸಿಲಬಸ್ ಬೆಳಗಾವಿಯಿಂದ ಬರುತ್ತದೆ, ವಿಟಿಯು ಹೇಳಿದಷ್ಟೇ. ಅದಕ್ಕೆ ನಾನು ಚೀಟಿ ನೋಡಿಕೊಂಡು, ಮೊದಲೇ ಗೊತ್ತಿದ್ದವರಿಗೆ ಬೇರೆ ಪ್ರಶ್ನೆ ಹಾಳೆ ಮಾಡಿದೆ. ಗಟ್ಟಿ ಲೆಕ್ಕಗಳು. ಅವರು ಅದರಲ್ಲಿ ಮುಳುಗಿದರು, ಉಳಿದವರ ಕಿವಿಗೆ ಸ್ವಲ್ಪ ನೆಮ್ಮದಿ. ‘ಆಚೆ ಕರೆದು ಹೇಳುವ’ ಮಾತನ್ನು ನಮ್ಮ ಮಾತಿನಲ್ಲಿ ಹೇಳಿದೆ: "ತಮ್ಮಾ, ನಿನಗ ಗೊತ್ತೈತಿ ಅಂತ ನನಗ ಗೊತ್ತೈತಿ. ಕ್ಲಾಸ್ ಮುಗದ ಮ್ಯಾಲ ಬಾ, ಚಹಾ ಕುಡಕೋತ ಮಾತಾಡೂಣು." ಒಬ್ಬನಂತೂ ಒಂದು ಸೆಮಿಸ್ಟರ್ ಪೂರ್ತಿ ನನ್ನ ಚಹಾ ಕುಡಿದ.

ಕೀಬೋರ್ಡಿನ ಕಥೆಗೆ ಬರುತ್ತೇನೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ.

ನಮ್ಮ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು. ಹುಡುಗ-ಹುಡುಗಿ ಕೂತರೆ ಕೀಬೋರ್ಡ್ ಹುಡುಗನ ಮುಂದೆ, ಅಬ್ಸರ್ವೇಶನ್ ಪುಸ್ತಕ ಹುಡುಗಿಯ ಮುಂದೆ. ಯಾರೂ ಹೇಳಿಕೊಟ್ಟದ್ದಲ್ಲ. ಹದಿಮೂರು ವರ್ಷ ನೋಡಿದ್ದೆ, ಕಂಡಿರಲಿಲ್ಲ. ಪ್ರಾಜೆಕ್ಟಿನಲ್ಲೂ ಹಾಗೇ. ಕೋಡ್ ಅವನು, ರಿಪೋರ್ಟ್ ಮತ್ತು ಪಿಪಿಟಿ ಇವಳು. ನಾಲ್ಕು ವರ್ಷ ಹೀಗೆ ಕಳೆದ ಮೇಲೆ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಅವನ ಕೈ ಓಡುತ್ತದೆ, ಇವಳದು ನಡುಗುತ್ತದೆ. ಆಗ ನಾವು ‘ನೋಡ್ರಿ, ಹುಡುಗೂರಿಗೆ ಕೋಡಿಂಗ್ ಚಲೋ ಬರ್ತೈತಿ’ ಅನ್ನುತ್ತೇವೆ.

ಮೊಬೈಲ್‌ನಲ್ಲಿ 15 ನಿಮಿಷಕ್ಕೆ ಅಲಾರಾಂ ಇಟ್ಟೆ. ಹೊಡೆದ ಕೂಡಲೇ ಕುರ್ಚಿ ಬದಲು. ಕೀಬೋರ್ಡ್ ಇಲ್ಲದವರು ಬಾಯಲ್ಲಿ ಮಾತ್ರ ಹೇಳಬೇಕು, ಕೈ ಮುಂದೆ ಮಾಡಬಾರದು. ಮೊದಮೊದಲು ಗದ್ದಲ. ಒಂದು ತಪ್ಪನ್ನೂ ಮಾಡಿದೆ: ಬರುವವರನ್ನು ಬಾರದವರ ಜೊತೆ ಕೂರಿಸಿದೆ. ಕಲಿಸಿಕೊಡುತ್ತಾನೆ ಅಂತ ಆಸೆ. ಅವನು ಕಲಿಸಲಿಲ್ಲ. ‘ಇಲ್ಲಿ ಐ ಹೊಡಿ, ಇಲ್ಲಿ ಬ್ರಾಕೆಟ್ ಹಾಕು’ ಅಂತ ಒಂದೊಂದೇ ಅಕ್ಷರ ಹೇಳಿದ, ಅವಳು ಟೈಪಿಸ್ಟ್ ಆದಳು. ಕೀಬೋರ್ಡ್ ಬಂತು, ಕೆಲಸ ಬರಲಿಲ್ಲ. ಆಮೇಲೆ ಹೆಚ್ಚುಕಡಿಮೆ ಸಮ ಸಮ ಇರುವವರನ್ನೇ ಜೋಡಿ ಮಾಡಿದೆ. ಇಬ್ಬರಿಗೂ ಗೊತ್ತಿಲ್ಲ ಅಂದರೆ ಇಬ್ಬರೂ ಯೋಚಿಸಲೇಬೇಕು.

ಈ ಹೊತ್ತಿನಲ್ಲೇ ಇಳಕಲ್ ಕಡೆಯ ಹುಡುಗಿಯೊಬ್ಬಳು ಬಂದಳು. ನೇಕಾರರ ಮನೆ. ‘ಮನೆಯಲ್ಲಿ ಯಾವ ತಾಂತ್ರಿಕ ಕೆಲಸ ಮಾಡಿದ್ದೀರಿ’ ಅಂತ ಚೀಟಿಗೆ ನಾಲ್ಕನೇ ಪ್ರಶ್ನೆ ಸೇರಿಸಿದ್ದೆ. ಹುಡುಗರು ಪಂಪ್‌ಸೆಟ್ ಸ್ಟಾರ್ಟರ್, ಬೈಕಿನ ಪ್ಲಗ್ ಅಂತೆಲ್ಲ ಬರೆದಿದ್ದರು. ಇವಳು ‘ಇಲ್ಲ’. ಮಾತಾಡುತ್ತ ಕೇಳಿದರೆ ಮನೆಯಲ್ಲಿ ತಾಯಿ, ಅಜ್ಜಿ, ಇವಳು ಸೇರಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾರೆ, ಮಗ್ಗದ ಉದ್ದದ ಎಳೆಗಳ ಹಾಸು ಮುಗಿದಾಗ ಹಳೆಯ ಎಳೆಗೆ ಹೊಸ ಎಳೆ ಕೆಚ್ಚುತ್ತಾರೆ. ಸಾವಿರಾರು ಎಳೆ, ಒಂದೊಂದನ್ನೇ, ಬೆರಳಲ್ಲಿ ಹೊಸೆದು. ಒಂದು ಎಳೆ ಅದಲು ಬದಲಾದರೆ ಸೀರೆ ಉದ್ದಕ್ಕೂ ಗೆರೆ. ತಪ್ಪು ಎಲ್ಲಿ ಅಂತ ಬೆರಳಿನಿಂದ ಎಣಿಸುತ್ತ ಹಿಂದೆ ಹೋಗಬೇಕು. "ಇದು ತಾಂತ್ರಿಕ ಕೆಲಸ ಅಲ್ಲೇನು?" ಅಂದೆ. "ಅದೇನ್ ಟೆಕ್ನಿಕಲ್ ರೀ ಸರ್. ನೇಯೋದು ನಮ್ಮಪ್ಪ. ನಾವು ಸುಮ್ನ ಕಂಡಿಕಿ ಸುತ್ತತೀವಿ" ಅಂದಳು.

ನನಗೆ ಹುರುಪು ಬಂತು. ಚಂದ್ರನ ಮೇಲೆ ಹೋದ ಅಪೊಲೊ ನೌಕೆಯ ಕಂಪ್ಯೂಟರಿಗೆ ಪ್ರೋಗ್ರಾಂ ತುಂಬಿದ್ದು ಹೇಗೆ ಅಂತ ಮುಂದಿನ ಕ್ಲಾಸಿನಲ್ಲಿ ಹೇಳಿದೆ. ಕಾರ್ಖಾನೆಯಲ್ಲಿ ಹೆಂಗಸರು ಕೂತು ತಂತಿ ಹೆಣೆಯುತ್ತಿದ್ದರು. ಪುಟ್ಟ ಉಂಗುರದ ಒಳಗಿಂದ ತಂತಿ ಹೋದರೆ ಒಂದು, ಪಕ್ಕದಿಂದ ಹೋದರೆ ಸೊನ್ನೆ. ಅದಕ್ಕೂ ಮೊದಲು, 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವರು ಆರು ಜನ ಹೆಂಗಸರು, ಅವರ ಹೆಸರು ಎಷ್ಟೋ ವರ್ಷ ಯಾರಿಗೂ ಗೊತ್ತಿರಲಿಲ್ಲ. ಇದೆಲ್ಲ ಹೇಳಿ, ಲೂಪ್ ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು, ಲಾಳಿ ಹೋಗಿ ಬರುವ ಹಾಗೆ, ಅಂತ ಆ ಹುಡುಗಿಯ ಕಡೆ ನೋಡಿ, "ನಿನಗ ಇದು ನೀರು ಕುಡದಂಗ" ಅಂದೆ.

ಕ್ಲಾಸ್ ಮುಗಿದ ಮೇಲೆ ಬಂದಳು. "ಸರ್, ನನಗ ಮಗ್ಗದ ಮ್ಯಾಲ ಕುಂಡ್ರಾಕ ಯಾವತ್ತೂ ಬಿಟ್ಟಿಲ್ರಿ. ತಮ್ಮಗ ಕಲಿಸ್ಯಾರ."

ನಾನು ಅಲ್ಲೇ ನಿಂತುಬಿಟ್ಟೆ. ಲಾಳಿ ಹಿಡಿಯುವುದು ತಮ್ಮ, ಕಂಡಿಕೆ ಇವಳು. ಕೀಬೋರ್ಡ್ ಅವನು, ರೆಕಾರ್ಡ್ ಇವಳು. ಅವಳ ಮನೆಯನ್ನು ಉದಾಹರಣೆ ಮಾಡಿ ಅವಳನ್ನು ಮೇಲೆತ್ತಲು ಹೋಗಿ, ಅವಳಿಗೆ ಇಲ್ಲದ ವಿದ್ಯೆಯನ್ನು ಅವಳ ತಲೆಗೆ ಕಟ್ಟಿದ್ದೆ. ಅವತ್ತಿನಿಂದ ‘ನಿನಗೆ ಇದು ಸುಲಭ’ ಅನ್ನುವುದನ್ನೂ ಬಿಟ್ಟೆ. ‘ಈಸಿ ಐತಿ’ ಅನ್ನುವ ಮಾತು ಎರಡೂ ಕಡೆ ಕೊಯ್ಯುತ್ತದೆ. ಬಂದರೆ ಏನೂ ಸಾಧಿಸಿದಂತೆ ಆಗಲಿಲ್ಲ, ಬರದಿದ್ದರೆ ಈಸಿಯೂ ಬರಲಿಲ್ಲ.

ಎರರ್ ಮೆಸೇಜುಗಳ ವಿಷಯ ಖುಷಿಯದು. ಆ ಹೊತ್ತಿಗೆ ಟರ್ಬೊ ಸಿ ಬಿಟ್ಟು ಉಬುಂಟು, ಜಿಸಿಸಿ ಅನ್ನುವ ತಂತ್ರಾಂಶಗಳಿಗೆ ಬಂದಿದ್ದೆವು. ಕನ್ನಡ ಮಾಧ್ಯಮದವರಿಗೆ ತಪ್ಪು ಬಂದಾಗ ಪರದೆ ತುಂಬ ಇಂಗ್ಲಿಷ್. ಅವರು ಅದನ್ನು ಓದುತ್ತಿರಲಿಲ್ಲ, ಬೈಗುಳ ಅಂತ ತಿಳಿದು ಮುಚ್ಚುತ್ತಿದ್ದರು. ಒಂದು ಡ್ರಾಯಿಂಗ್ ಶೀಟ್ ಗೋಡೆಗೆ ಅಂಟಿಸಿ, ಬಂದ ಎರರ್ ಎಲ್ಲ ನಮ್ಮ ಭಾಷೆಯಲ್ಲಿ ಬರೆಯಿರಿ ಅಂದೆ. ‘ಅನ್‌ಡಿಕ್ಲೇರ್ಡ್’ ಅನ್ನುವುದಕ್ಕೆ ಒಬ್ಬ ಬರೆದ: ‘ಇವ ಯಾರು? ಪರಿಚಯ ಮಾಡಿಸದ ಒಳಗ ಕರಕೊಂಡ ಬಂದೀರಿ.’ ‘ಎಕ್ಸ್‌ಪೆಕ್ಟೆಡ್ ಸೆಮಿಕೋಲನ್’ಗೆ: ‘ಮಾತು ಮುಗಿಸ್ರಿ, ಆಮ್ಯಾಲ ಮುಂದಿನ ಮಾತು.’ ಪ್ರೋಗ್ರಾಂ ತನ್ನದಲ್ಲದ ಮೆಮೊರಿ ಮುಟ್ಟಿದಾಗ ಬರುವ ‘ಸೆಗ್ಮೆಂಟೇಶನ್ ಫಾಲ್ಟ್’ಗೆ: ‘ಮಂದಿ ಹೊಲದಾಗ ಕಾಲಿಟ್ಟಿ.’ ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು, ನಾನೇ ತಪ್ಪುವುದು. ಮೊದಲೆಲ್ಲ ಮನೆಯಲ್ಲಿ ಮಾಡಿ ನೋಡಿಕೊಂಡ ಪ್ರೋಗ್ರಾಂ ತಂದು ಬೋರ್ಡಿಗೆ ಇಳಿಸುತ್ತಿದ್ದೆ. ಒಂದೇ ಏಟಿಗೆ ಓಡುತ್ತಿತ್ತು. ಮಕ್ಕಳಿಗೆ ಅನಿಸುತ್ತಿದ್ದದ್ದು, ಬರುವವರಿಗೆ ತಪ್ಪೇ ಆಗುವುದಿಲ್ಲ ಅಂತ. ಈಗ ವಾರಕ್ಕೊಮ್ಮೆ ಅವರು ಕೊಟ್ಟ ಪ್ರಶ್ನೆಯನ್ನು ಪ್ರೊಜೆಕ್ಟರ್ ಮುಂದೆ ನಿಂತು ನೇರವಾಗಿ ಬರೆಯುತ್ತೇನೆ. ಒಮ್ಮೆ ಒಂದರಿಂದ ಐದರವರೆಗೆ ಪ್ರಿಂಟ್ ಮಾಡುವ ಫಾರ್ ಲೂಪ್. ಮಕ್ಕಳ ಮುಂದೆ ನಿಂತಾಗ ಬಂದದ್ದು ಒಂದೇ ಅಂಕಿ: 6. ಹತ್ತು ನಿಮಿಷ ಬೆವರಿದೆ. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ದನಿ, "ಸರ್, ಫಾರ್ ಸಾಲಿನ ಕೊನಿಗೆ ಸೆಮಿಕೋಲನ್ ಐತ್ರಿ." ಹೌದು. ಆ ಒಂದು ಚುಕ್ಕೆಗೆ ಲೂಪ್ ಖಾಲಿ ಹೊಟ್ಟೆಯಲ್ಲಿ ಐದು ಸುತ್ತು ತಿರುಗಿ ಮುಗಿದಿತ್ತು, ಆರಕ್ಕೆ ಬಂದು ನಿಂತ ಮೇಲೆ ಪ್ರಿಂಟ್ ಆಗಿತ್ತು. ಆ ದನಿ ಅಲ್ಲಿವರೆಗೆ ಆ ಸೆಮಿಸ್ಟರ್‌ನಲ್ಲಿ ಒಂದು ಮಾತೂ ಆಡದ ಬೀಳಗಿ ಕಡೆಯ ಹುಡುಗನದು.

ಗೋಡೆಗೆ ‘ನಿನ್ನಿಂದ ಸಾಧ್ಯ’ ಅಂತ ಪೋಸ್ಟರ್ ಹಚ್ಚೋಣ ಅಂತ ಒಬ್ಬರು ಸಲಹೆ ಕೊಟ್ಟರು. ಬೇಡ ಅಂದೆ. ಮನೋಭಾವ ಬದಲಿಸುವ ಪಾಠವನ್ನು ಅಮೆರಿಕದಲ್ಲಿ ಸುಮಾರು 12,000 ಶಾಲಾ ಮಕ್ಕಳ ಮೇಲೆ ಮಾಡಿ 2019ರಲ್ಲಿ ‘ನೇಚರ್’ನಲ್ಲಿ ಬರೆದಾಗಲೂ ಸಿಕ್ಕ ಲಾಭ ಸಣ್ಣದೇ. ನಾಲ್ಕರ ಗ್ರೇಡಿನಲ್ಲಿ 0.1ರಷ್ಟು, ಅದೂ ಓದಿನಲ್ಲಿ ಹಿಂದುಳಿದ ಮಕ್ಕಳಲ್ಲಿ. ಇಲ್ಲ ಅಂತಲ್ಲ. ಆದರೆ ಪೋಸ್ಟರ್ ಹಚ್ಚಿ ಕೀಬೋರ್ಡ್ ಕೊಡದಿದ್ದರೆ ಏನು ಬಂತು?

ಸಮಯದ ವಿಷಯವೂ ಇದೆ, ಇದನ್ನು ಗಂಡಸರಿಗೆ ಬಿಡಿಸಿ ಹೇಳಬೇಕು. ನಮ್ಮ ಲ್ಯಾಬ್ ಸಂಜೆ ಹೊತ್ತು ಓಪನ್ ಇರುತ್ತಿತ್ತು, ‘ಯಾರ ಬೇಕಾದ್ರೂ ಬರಬಹುದು’ ಅಂತ. ಹುಡುಗಿಯರ ಹಾಸ್ಟೆಲ್ ಗೇಟ್ ಅಷ್ಟೊತ್ತಿಗೆ ಮುಚ್ಚುತ್ತಿತ್ತು. ಊರಿಂದ ಬಸ್ಸಿಗೆ ಬರುವವರು ನವನಗರದ ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದರು. ಬರುತ್ತಿದ್ದವರು ಬರೀ ಹುಡುಗರು. ‘ಆಸಕ್ತಿ ಇಲ್ಲ ಇವರಿಗೆ’ ಅಂತ ನಾವೇ ತೀರ್ಪು ಕೊಟ್ಟಿದ್ದೆವು. ಬೆಳಿಗ್ಗೆ ಎಂಟಕ್ಕೆ, ಊಟದ ಹೊತ್ತಿಗೆ ಲ್ಯಾಬ್ ತೆಗೆಸಿದೆವು. ಅಟೆಂಡರ್ ಸ್ವಲ್ಪ ಸಿಟ್ಟಾದ, ಅಷ್ಟೇ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮೇಲಂತೂ ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ಕೂರುವವರಿದ್ದಾರೆ.

ಹಿರಿಯ ಸಹೋದ್ಯೋಗಿಯೊಬ್ಬರು ನೇರವಾಗಿಯೇ ಕೇಳಿದರು: "ಮಟ್ಟ ಇಳಿಸಾಕತ್ತೀರಿ ಅಲ್ರೀ?" ಪ್ರಶ್ನೆಪತ್ರಿಕೆ ಅದೇ, ಹೊರಗಿನಿಂದ ಬರುವ ಎಕ್ಸಾಮಿನರ್ ಅವರೇ, ಇಳಿಸುವುದು ನನ್ನ ಕೈಯಲ್ಲಿ ಎಲ್ಲಿದೆ ಅಂದೆ. ಒಪ್ಪಲಿಲ್ಲ. ನೊಬೆಲ್ ಪಡೆದ ಸಿ.ವಿ. ರಾಮನ್ ಅವರೇ 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಕಮಲಾ ಸೊಹೊನಿಯವರನ್ನು ಹೆಣ್ಣು ಅನ್ನುವ ಕಾರಣಕ್ಕೆ ಬೇಡ ಅಂದಿದ್ದರು, ಆಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಅಂತ ಸೇರಿಸಿಕೊಂಡರು, ಅವರು ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದರು ಅಂತ ಹೇಳಿದೆ. "ಅಂಥಾವ್ರು ಸಾವಿರಕ್ಕೊಬ್ರು" ಅಂದರು. ನನ್ನ ಜಗಳ ಇರುವುದೇ ಆ ಮಾತಿನ ಮೇಲೆ. ಉಳಿದ 999 ಜನರನ್ನು ಕೀಬೋರ್ಡ್ ಮುಂದೆ ಯಾರು ಕೂರಿಸಿ ನೋಡಿದ್ದಾರೆ? ಈಗಲೂ ನಾವಿಬ್ಬರೂ ಒಟ್ಟಿಗೇ ಚಹಾ ಕುಡಿಯುತ್ತೇವೆ, ಈ ವಿಷಯ ತೆಗೆಯುವುದಿಲ್ಲ.

ಹೋದ ವರ್ಷ ಆ ಗುಳೇದಗುಡ್ಡದ ಹುಡುಗಿ ಕಾಲೇಜಿಗೆ ಬಂದಿದ್ದಳು. ಹುಡುಗಿ ಅನ್ನುವುದು ನನ್ನ ರೂಢಿ, ಈಗ ಇಬ್ಬರು ಮಕ್ಕಳ ತಾಯಿ. ಬ್ಯಾಂಕಿನಲ್ಲಿ ಕೆಲಸ. ಯಾವುದೋ ಸರ್ಟಿಫಿಕೇಟಿನ ನಕಲು ಬೇಕಿತ್ತು. ಆಫೀಸ್ ಮುಂದೆ ನಿಂತವಳನ್ನು ನಾನೇ ಗುರುತು ಹಿಡಿದೆ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಹನ್ನೆರಡು-ಹದಿಮೂರು ವರ್ಷದ ಹಿಂದೆ ಹೀಗೆ ಹೀಗೆ ಅಂದಿದ್ದೆ, ತಪ್ಪಾಯಿತು ಅಂದೆ. ಈ ಮಾತು ಹೇಳಲು ನಾನು ಎಷ್ಟು ಸಲ ಮನಸ್ಸಿನಲ್ಲೇ ತಾಲೀಮು ಮಾಡಿದ್ದೆನೋ.

ಅವಳಿಗೆ ಆ ಮಾತು ನೆನಪೇ ಇರಲಿಲ್ಲ.

"ಹಂಗ ಅಂದಿದ್ರೇನ್ರಿ? ಇರಬಹುದು ಸರ್. ನನಗ ನೆನಪಿರೋದು ಬ್ಯಾರೆ. ಅವತ್ತಿನ ಮ್ಯಾಲ ನೀವು ನನ್ನ ಸಿಸ್ಟಮ್ ಹತ್ರ ಬರೋದ ಬಿಟ್ರಿ. ಆಚೀಚಿ ಎಲ್ಲಾರ ಹತ್ರ ನಿಲ್ತಿದ್ರಿ, ನನ್ನ ದಾಟಿ ಹೋಗ್ತಿದ್ರಿ. ಇಕಿಗೆ ತ್ರಾಸ ಆಗಬಾರದು ಅಂತ ಇರಬೇಕು ಅನ್ಕೊಂಡಿದ್ದೆ." ನಕ್ಕಳು. ಸಿಟ್ಟಿನಿಂದಲ್ಲ. ಚಹಾದ ದುಡ್ಡನ್ನೂ ಅವಳೇ ಕೊಟ್ಟಳು, ಎಷ್ಟು ಬೇಡ ಅಂದರೂ ಕೇಳಲಿಲ್ಲ.

ಅವಳ ಆ ಹಳೆಯ ಪ್ರೋಗ್ರಾಂ ನನಗೆ ಆಗ ನೆನಪಾಯಿತು. ಪ್ರತಿ ಸಲ ಸೊನ್ನೆ ಬರುತ್ತಿತ್ತು ಅಲ್ವಾ? ಸಂಖ್ಯೆಗಳನ್ನು ಹೋಲಿಸುವ ಸಾಲು ಲೂಪಿನ ಆಚೆ ಬಿದ್ದಿತ್ತು ಅಂತ ಕಾಣುತ್ತದೆ, ಇಲ್ಲವೇ ಫಾರ್ ಸಾಲಿನ ಕೊನೆಗೆ ಅದೇ ಸೆಮಿಕೋಲನ್. ಎರಡು ನಿಮಿಷ ಪಕ್ಕದಲ್ಲಿ ನಿಂತು ನೋಡಿದ್ದರೆ ಸಿಗುತ್ತಿತ್ತು. ನಾನು ನೋಡಿರಲಿಲ್ಲ. ಅಳುವುದನ್ನು ನೋಡಿದ್ದೆ, ಪರದೆ ನೋಡಿರಲಿಲ್ಲ.

ಆ ವಾರದಿಂದ ಲ್ಯಾಬಿಗೆ ಹೋಗುವಾಗ ಕಿಸೆಯಲ್ಲಿ ಒಂದು ಹಾಳೆ ಇರುತ್ತದೆ. ರೋಲ್ ನಂಬರುಗಳ ಪಟ್ಟಿ. ಯಾರ ಪಕ್ಕ ನಿಂತೆನೋ ಅವರ ನಂಬರಿನ ಎದುರು ಒಂದು ಗೆರೆ. ಯಾರಿಗೂ ಹೇಳಿಲ್ಲ. ಮೊದಲ ತಿಂಗಳ ಹಾಳೆ ನೋಡಿ ನಾನೇ ಬೆಚ್ಚಿದೆ. ಇಷ್ಟೆಲ್ಲ ಓದಿ, ಇಷ್ಟೆಲ್ಲ ಬದಲಿಸಿದ ಮೇಲೂ ಗೆರೆಗಳೆಲ್ಲ ಬಾಗಿಲ ಕಡೆಯ ಎರಡು ಸಾಲಿನಲ್ಲಿ, ಜಾಸ್ತಿ ಮಾತಾಡುವವರ ಎದುರಿಗೇ ಇದ್ದವು.

ಈ ವಾರದ ಹಾಳೆ ಈಗ ಮೇಜಿನ ಮೇಲಿದೆ. 14 ಮತ್ತು 31ರ ಎದುರು ಏನೂ ಇಲ್ಲ. ಇಬ್ಬರೂ ಕಿಟಕಿ ಕಡೆ ಕೂರುತ್ತಾರೆ. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಲ್ಯಾಬ್. ಅಲ್ಲಿಂದಲೇ ಶುರು ಮಾಡಬೇಕು.